ನಿಂತ ಕಾಲು

ಟೇಪು ಹಿಡಿಯವಾ, ಅಂದೆ ಗೋಲ್‌ಕೀಪರ್ ಜುಲೇಖಾಗ.
ಬೆಟಗೇರಿ ಮೈದಾನದ ಎರೆಮಣ್ಣಿನ ಮ್ಯಾಲ ಸುಣ್ಣದ ಗೆರಿ,
ಕೈ ಬೆನ್ನ ಹಿಂದ, ಒಂಟಿಗಾಲಿನ ಜಿಗಿತ.
ಬನಶಂಕರಿ ಬಲಗಾಲಿಂದ ಹಾರಿದ್ಲು: ನೂರಾ ನಲವತ್ತೆರಡು.
ಎಡಗಾಲಿಂದ: ನೂರಾ ಹದಿನೇಳು.
ಮತ್ತೊಮ್ಮೆ, ಅಂದೆ. ನೂರಾ ಹದಿನೈದು.
"ಸರ, ಟೇಪು ಜಗ್ಗೈತಿ."
ಟೇಪು ಜಗ್ಗಿರಲಿಲ್ಲ.

ಹದಿನಾಕು ವರ್ಷದ ಹುಡುಗಿ.
ಬಲಗಾಲಿಂದ ಒದ್ದರ ಚೆಂಡು ಜಾಲಿಗಿಡ ದಾಟಿ
ಗೂಡ್ಸ್ ಗಾಡಿ ಹಳಿ ಕಡೆ ಹೊಕ್ಕಿತ್ತು,
ಹೆಕ್ಕಿ ತರಾಕ ಆಕಿ ತಮ್ಮನ್ನ ಕಾಯಂ ಅಲ್ಲೇ ನಿಲ್ಲಿಸಿದ್ದೆ.
ಆದರ ಗೋಲು?
ಹತ್ತರಾಗ ಏಳು ಕಂಬದ ಮ್ಯಾಲ, ಆಕಾಶಕ್ಕ.

ನಾನೂ ಬಲಗಾಲನ್ನs ಬೈದೆ, ಎರಡು ವರ್ಷ.
ಪಾದ ತಿರುವು, ತಲಿ ಬಗ್ಗಸು, ಚೆಂಡು ನೋಡು.
ಒಂದು ಸಂಜಿ ಚೆಂಡು ನೋಡೂದು ನಾನs ಬಿಟ್ಟೆ.
ಚೆಂಡಿನ ಮಗ್ಗಲ ಊರಿದ ಎಡಗಾಲು ನೋಡಿದೆ.
ಮೊಣಕಾಲು ಒಳಗ ವಾಲಿ
ಸಂತ್ಯಾಗ ಕೈ ತಪ್ಪಿದ ಕೂಸಿನಂಗ ಒಂದು ಚಣ ನಡುಗಿತು,
ಅಷ್ಟರಾಗ ಬಲಗಾಲು ತನ್ನ ಕೆಲಸ ಮುಗಿಸಿತ್ತು,
ಮೈ ಹಿಂದ, ಚೆಂಡು ಮ್ಯಾಲ.
ಮಂದಿ "ಆಹಾ, ಏನ್ ಒದಿತಾಳ" ಅಂದ್ರು.

ಮನಿಗೆ ಹೋದೆ.
ಎಂಟು ದಿನಕ್ಕ ನಳ ಬಂದ ದಿನ ಅದು.
ಬನಶಂಕರಿ ಕೊಡ ಹೊತ್ತು ಬಂದ್ಲು, ಬಲ ಟೊಂಕದ ಮ್ಯಾಲ,
ಭಾರೆಲ್ಲ ಬಲಗಾಲಿಗೆ;
ಎಡಗಾಲು ಬರೇ ಜೋಡಿಗೆ ಬಂದಂಗ.
"ಇಕಿ ಎಡಗಾಲಾಗ ಶಕ್ತಿ ಕಡಿಮಿ ಐತಿ" ಅಂದೆ.
ತಾಯಿ ಬಾಗಲಾ ಮುಂದೂಡಿದ್ಲು:
"ಮೆಲ್ಲಕ ಅನ್ರಿ ಸರ. ಬಾಜೂದವರು ಕುಂಟಿ ಅಂತ ತಿಳಕೊಂಡಾರು."
ಕುಂಟಲ್ಲ ತಾಯಿ, ಎಲ್ಲಾರದೂ ಸ್ವಲ್ಪ ಹಂಗs, ಇಕೀದು ಸ್ವಲ್ಪ ಜಾಸ್ತಿ…
ಮಾತು ಮುಂದ ಹೋಗಲಿಲ್ಲ.

ಕುಣಿಮಗ್ಗದಾಗ ಟೊಂಕದ ಮಟ ನೆಲದೊಳಗ ಕುಂತಿದ್ಲು
ಅಜ್ಜಿ ಸಾವಂತ್ರವ್ವ. ಲಾಳಿ ನಿಲ್ಲಿಸಿದ್ಲು.
"ಒಂದು ಪಾವಡಿ ಒತ್ತಿ, ಇನ್ನೊಂದು ಮುಟ್ಟಿ ಬಿಟ್ರ
ನೂಲಿನ ಬಾಯಿ ಅರ್ಧ ತೆರಿತೈತಿ.
ಲಾಳಿ ಎಳಿಗೆ ತಾಕತೈತಿ.
ಅರಿವಿ ನೋಡಿದೋರು ಕೈಗೆ ಬೈತಾರ."
ಅಂದು, ಮತ್ತ ತುಳಿಯಾಕ ಹತ್ತಿದ್ಲು.
ಕುಣಿಯೊಳಗಿನ ಕಾಲು ನನಗ ಕಾಣಲಿಲ್ಲ.

ಹತ್ತು ವಾರ.
ಶಾಲಿ ಕಟ್ಟಿ ಏರು, ಇಳಿ, ಎಡಗಾಲಿಂದ.
ಹಲ್ಲು ತಿಕ್ಕೂದು ಎಡಗಾಲ ಮ್ಯಾಲ ನಿಂತು.
ಒಂಟಿಗಾಲಿನ ಬೈಠಕ್, ಜುಲೇಖಾನ ಹೆಗಲು ಹಿಡದು,
ಆಮ್ಯಾಲ ಹಿಡೀಲಾರದ.
ಕೊಡ ಎಡ ಟೊಂಕಕ್ಕ ಬಂತು. ಮೊದಲ ದಿನ ಅರ್ಧ ಚೆಲ್ಲಿ
ತಾಯಿ ನನಗ ಫೋನ್ ಹಚ್ಚಿದ್ಲು: "ಎಂಟು ದಿನದ ನೀರ್ರೀ ಅದು!"
ಕಪ್ಪತಗುಡ್ಡದ ಮ್ಯಾಲ ಗಾಳಿ ಪಂಖಾ
ಮೂರೂ ರೆಕ್ಕಿ ಸಮ ತಿರುಗತಿದ್ದವು,
ನೋಡಿ ನನಗ ಹೊಟ್ಟಿಕಿಚ್ಚು.

ನನ್ನ ಬೂಟು ಹೊಲಸಾಕ ಕೊಟ್ಟಾಗ
ಮೋಚಿ ತಿರುವಿ ನೋಡಿ ನಕ್ಕ:
"ಬಲಗಡೀದಷ್ಟs ಸವದೈತಿ, ಮಾಸ್ತರ."
ಇಪ್ಪತ್ತೆರಡನೇ ವಯಸ್ಸಿಗೆ ಎಡ ಮೊಣಕಾಲು ಹೋಗಿ
ಆಟ ಬಿಟ್ಟಿದ್ದು ಅವನಿಗ್ಯಾಕ ಹೇಳಲಿ.

ಹುಬ್ಬಳ್ಳ್ಯಾಗ, ರೈಲ್ವೆದವರ ಮುಂದ, ಒಂದು ಸೊನ್ನೆ ಸೋತ್ವಿ.
ಬನಶಂಕರಿ ಒದ್ದಿದ್ದು ಕಂಬಕ್ಕ ಬಡದು ವಾಪಸ್ ಬಂತು.
ಕಂಬದ ಮ್ಯಾಲ ಅಲ್ಲ, ಕಂಬಕ್ಕ.
ನಾನೊಬ್ಬನs ಕುಣದೆ; ಎದುರಿನವರು ಹುಚ್ಚ ಅಂದಿರಬೇಕು.

ಮರುದಿನ ಬೆಟಗೇರ್ಯಾಗ ಮತ್ತ ಟೇಪು:
ಬಲ ನೂರಾ ನಲವತ್ಮೂರು, ಎಡ ನೂರಾ ಮೂವತ್ತೊಂದು.
"ಇನ್ನ ಹನ್ನೆರಡು" ಅಂದ್ಲು, ಟೇಪಿಗೆ ಏನೂ ಅನ್ನಲಿಲ್ಲ.
ರಾತ್ರಿ ಮಳಿಗೆ ಎರಿ ಹಸೀ ಆಗಿತ್ತು.
ಒದ್ದ ಕಾಲಿನ ಗುರುತು ಎಲ್ಲೂ ಇಲ್ಲ,
ಚೆಂಡು ಇಟ್ಟಿದ್ದ ಜಾಗಾದ ಮಗ್ಗಲ
ಎಡ ಬೂಟಿನ ಮೊಳಿ ಆಳಕ ಇಳದಿದ್ವು, ನೀರು ನಿಂತಿತ್ತು.
ಜುಲೇಖಾ ಟೇಪು ಸುತ್ತೂದು ಬಿಟ್ಟು ಬಗ್ಗಿ ಕೇಳಿದ್ಲು:
"ಸರ, ಇದನ್ನೂ ಅಳೀಲೇನ್ರಿ?"